ರಾಕ್ಷಸನ ಮನೆಯ ಬೆಲ್ಲ, ನೀರು

ಮಡಂತ್ಯಾರಿನ ಬಸ್‌ಸ್ಟ್ಯಾಂಡಿನಲ್ಲಿ ನನ್ನ ಪಕ್ಕ ಶಶಿಪ್ರಭಾ ಟೀಚರ್ ಬಸ್ಸು ಕಾಯುತ್ತಿದ್ದರು. ಎದುರಿನ ಹೋಟೆಲಿನ ಸುಧಾಕರಣ್ಣ ರಸ್ತೆ ದಾಟಿ ಬಂದವರೇ ಶುರುಮಾಡಿದರು.

“ಟೀಚರ್, ಕ್ಲಾಸಿನಲ್ಲಿ ವಿಡಿಯೋ ಗೇಮ್ ಆಡಿಸ್ತೀರಂತೆ? ಮನೆಯಲ್ಲಿ ನಾನು ಮೊಬೈಲನ್ನು ಅಕ್ಕಿ ಡಬ್ಬದಲ್ಲಿ ಅಡಗಿಸಿಡ್ತೇನೆ!”

“ಐದೇ ನಿಮಿಷ, ಸುಧಾಕರಣ್ಣ. ಕತ್ತಿ ಹಿಡಿದ ಹುಡುಗ ರಾಕ್ಷಸನ ಮನೆಯ ಬಾಗಿಲಿಗೆ ಬಂದ ಕೂಡಲೇ ನಿಲ್ಲಿಸ್ತೇನೆ. ಮುಂದಿನದ್ದನ್ನು ಮಕ್ಕಳು ಬರೀಬೇಕು.”

“ನನ್ನ ಮಗಳು ಸಾತ್ವಿಕಾ ಎರಡು ಗೆರೆಗಿಂತ ಹೆಚ್ಚು ಬರೆದವಳೇ ಅಲ್ಲ.”

“ಈ ಸಲ ನಾಲ್ಕು ಪುಟ! ಅವಳ ರಾಕ್ಷಸ ಬಾಗಿಲು ತೆಗೆದು, ‘ಬನ್ನಿ, ಕೂತ್ಕೊಳ್ಳಿ’ ಅಂತ ನೆಂಟರಿಗೆ ಕೊಡುವ ಹಾಗೆ ಬೆಲ್ಲ, ನೀರು ಕೊಟ್ಟಿದ್ದಾನೆ.”

“ಮತ್ತೆ ಯುದ್ಧ?”

“ಬೆಲ್ಲ ತಿಂದು ನೀರು ಕುಡಿದ ಮೇಲೆ ಹೊಡೆಯುವುದು ಹೇಗೆ? ಹುಡುಗ ಕತ್ತಿಯನ್ನು ಹೊರಗೆ ಚಪ್ಪಲಿಯ ಹತ್ತಿರ ಇಟ್ಟು ಬಂದ.”

ಸುಧಾಕರಣ್ಣ ಹೊಟ್ಟೆ ಹಿಡಿದುಕೊಂಡು ನಕ್ಕರು.

“ಅಲ್ಲ ಟೀಚರ್, ಆ ಗೇಮಿನಲ್ಲಿ ನಿಜವಾಗಿ ಒಳಗೆ ಏನುಂಟು?”

“ನಾನೇ ನೋಡಲಿಲ್ಲ. ನೋಡಿದರೆ ಮಕ್ಕಳ ಕತೆ ಓದ್ಲಿಕ್ಕೆ ಮಜಾ ಇಲ್ಲ.”

ಬೆಳ್ತಂಗಡಿ ಬಸ್ಸು ಬಂತು. ಟೀಚರ್ ಹತ್ತಿ ಕೂತರು. ಬಸ್ಸು ಹೊರಟಾಗ ಸುಧಾಕರಣ್ಣ ಕಿಟಕಿಯ ಜೊತೆಗೇ ಓಡಿದರು.

“ಟೀಚರ್, ನನ್ನ ಪ್ರಕಾರ ಒಳಗೆ ರಾಕ್ಷಸನ ಅಮ್ಮ ಇದ್ದಾಳೆ!”

“ಬರೆದು ಸಾತ್ವಿಕಾಳ ಕೈಯಲ್ಲಿ ಕಳಿಸಿ!”