ರೊಟ್ಟಿಯ ಸದ್ದಿನಲ್ಲಿ ಕೈ ತಿಳಿಯುತ್ತಿದ್ದ ಕುಲ್ಸುಮಬಿ

ಬ್ಯಾಡಗಿಯ ಹಿರಿಯರೇ, ಕದರಮಂಡಲಗಿಯಿಂದ ಟೆಂಪೋ ಮಾಡಿಕೊಂಡು ಬಂದ ತಾಯಂದಿರೇ, ಕುಲ್ಸುಮಬಿಯವರ ಮಗ ಮುಜಾಫರ, ಸೊಸೆ ಶಬನಮ್ — ಎಲ್ಲರಿಗೂ ನಮಸ್ಕಾರ. ನಾನು ಋಷಿಕೇಶ. ಹಾವೇರಿಯಿಂದ ಬಂದು ನಿಮಗೆಲ್ಲ ವ್ಯಾಯಾಮ ಮಾಡಿಸುವ ಫಿಜಿಯೋಥೆರಪಿಸ್ಟ್. ಕುಲ್ಸುಮಬಿಯವರು ದಾದಿಯ ನೌಕರಿಯಿಂದ ನಿವೃತ್ತರಾದ ಮೇಲೆ ಆರು ವರ್ಷ ನನ್ನ ಜೊತೆ ಹಿರಿಯರ ಶಿಬಿರಗಳಿಗೆ ಬಂದರು. ನಾನು ಅವರನ್ನು ಆಪಾ, ಅಂದರೆ ಅಕ್ಕ, ಎನ್ನುತ್ತಿದ್ದೆ.

ಆಪಾ ಬಚ್ಚಲಲ್ಲಿ ಬಿದ್ದು ತೀರಿಕೊಂಡ ಮೇಲೆ ಊರಲ್ಲಿ ಒಂದು ಮಾತು ಹರಿದಾಡುತ್ತಿದೆ — ಸೊಸೆ ಸರಿಯಾಗಿ ನೋಡಿಕೊಳ್ಳಲಿಲ್ಲ ಎಂದು. ಅದಕ್ಕೆ ಉತ್ತರ ಹೇಳಲಿಕ್ಕೇ ಎದ್ದು ನಿಂತಿದ್ದೇನೆ. ಮೊದಲು ಆಪಾ ಎಂಥವರು ಎಂದು ಹೇಳಿಬಿಡುತ್ತೇನೆ.

ಕದರಮಂಡಲಗಿಯ ಮೊದಲ ಶಿಬಿರ. ವಯಸ್ಸಾದವರ ನಿಶ್ಶಕ್ತಿ ಮೊದಲು ಕೈಯಲ್ಲಿ ತಿಳಿಯುತ್ತದೆ ಎಂದು ನಾನು ಓದಿದ್ದೆ. ಹಿಡಿತ ಅಳೆಯುವ ಯಂತ್ರ ತಂದಿದ್ದೆ — ಹೀಗೆ, ಮುಷ್ಟಿಯಲ್ಲಿ ಹಿಡಿದು ಒತ್ತಬೇಕು. ಇಪ್ಪತ್ತೆರಡು ಅಜ್ಜಿಯರು ಒತ್ತಿದರು. ಮುಳ್ಳು ಅಲ್ಲಾಡಲೊಲ್ಲದು. ಎಲ್ಲರ ಹೆಸರಿನ ಮುಂದೆಯೂ 'ನಿಶ್ಶಕ್ತಿ' ಎಂದು ಬರೆದೆ. ಆಪಾ ಅದನ್ನು ಓದಿ ಕಾಶೀಬಾಯಿಯವರನ್ನು ಹಿಡಿದು ನಿಲ್ಲಿಸಿದರು.

"ಯಾಕವಾ ಕಾಶೀಬಾಯಿ, ಮುಂಜಾನೆ ಹತ್ತು ರೊಟ್ಟಿ ಬಡದು ಬಂದಾಕಿ, ಇಲ್ಲಿ ಕೋಳಿಮರಿ ಹಿಡದಂಗ ಹಿಡೀತಿಯಲ್ಲ?"

"ಗಾಜಿನ ಸಾಮಾನ ಐತೆವ್ವಾ. ಮುರದ್ರ ಪಾಪ, ಆ ಹುಡುಗನ ನೌಕರಿ ಹೋಗತೈತಿ."

ಇಪ್ಪತ್ತೆರಡು ಮಂದಿ ಸೇರಿ ನನ್ನ ನೌಕರಿ ಉಳಿಸಿದ್ದರು, ನೋಡಿ.

ಮರುದಿನ ಆಪಾ ಶಾಲೆಯ ಅಂಗಳದಲ್ಲಿ ಮೂರು ಕಲ್ಲು ಹೂಡಿ ಒಲೆ ಹೊತ್ತಿಸಿದರು. ಜೋಳದ ಹಿಟ್ಟು ನಾದಿದರು. ಒಬ್ಬೊಬ್ಬರಾಗಿ ರೊಟ್ಟಿ ಬಡಿಯಲು ಹೇಳಿ, ತಾವು ಬೆನ್ನು ತಿರುಗಿಸಿ ಕುಳಿತರು. ಪಟ ಪಟ ಪಟ — ಸರಿ. ಪಟ ಪಟ ಪಟ — ಸರಿ. ಮಾಲತೇಶಪ್ಪನ ತಾಯಿಯ ಸರದಿ ಬಂತು. ಪಟ — ಪಟ — ಪಟ. ಆಪಾ ತಿರುಗದೆಯೇ ಹೇಳಿದರು: "ಡಾಕ್ಟರ್ರ, ಈ ಅಮ್ಮನ ಕೈ ತಡೀತೈತಿ. ಎಬ್ಬಿಸಿ ನಡಿಸಿ ನೋಡ್ರಿ." ನಡೆಸಿದೆವು. ನಾಲ್ಕು ಹೆಜ್ಜೆಗೆ ಗೋಡೆ ಹಿಡಿದರು. ಅಂದೇ ಅವರಿಗೆ ವ್ಯಾಯಾಮ ಶುರು ಮಾಡಿದೆವು. ಅಗೋ, ಎರಡನೆಯ ಸಾಲಿನಲ್ಲಿ ಕುಳಿತಿದ್ದಾರೆ.

"ಕೈ ಮೊದಲ ಹೇಳತೈತಿ, ಕಾಲು ಆಮ್ಯಾಲ ಬೀಳಸತೈತಿ" ಎನ್ನುತ್ತಿದ್ದರು ಆಪಾ.

ಈಗ ಊರಿನ ಆ ಮಾತಿಗೆ ಬರುತ್ತೇನೆ. ಪ್ರತಿ ರಂಜಾನ್ ಹಬ್ಬಕ್ಕೆ ಅವರ ಮನೆಗೆ ಹೋಗುತ್ತಿದ್ದೆ. ಬಟ್ಟಲ ತುಂಬ ಹಾಲು-ಶಾವಿಗೆಯ ಸುರಕುಂಬಾ ಹಾಕಿ ತಾವೇ ತಂದು ಕೊಡುತ್ತಿದ್ದರು. ಈ ವರ್ಷ ಶಬನಮ್ ತಂದಳು. ಆಪಾ ಎರಡೂ ಕೈ ಸೆರಗಿನೊಳಗೆ ಇಟ್ಟುಕೊಂಡು ಕುಳಿತಿದ್ದರು.

"ಏನ್ರಿ ಆಪಾ, ಕುಂತಲ್ಲೇ ಹುಕುಂ ಮಾಡಾಕತ್ತೀರಿ?" ಎಂದು ನಾನು ಚೇಷ್ಟೆ ಮಾಡಿದೆ.

"ಸೊಸಿ ಬಂದಾಳಲ್ರಿ, ಇನ್ನ ಕುಂತು ಉಣ್ಣೂ ಕಾಲ" ಎಂದು ನಕ್ಕರು.

ನಾನೂ ನಕ್ಕೆ. ಎರಡು ಬಟ್ಟಲು ಕುಡಿದು ಎದ್ದು ಬಂದೆ. ನೂರಾರು ಕೈ ನೋಡಿದ ನಾನು — ಆ ಕೈ ತೋರಿಸಿ ಎನ್ನಲಿಲ್ಲ.

ಅವರು ಹೋದ ಮೂರನೆಯ ದಿನ ಶಬನಮ್ ಅಳುತ್ತ ಹೇಳಿದಳು: "ನಾಕ ತಿಂಗಳಿಂದ ಕೈ ನಡಗತಿದ್ವು ರೀ. ದವಾಖಾನಿಗೆ ಹೋಗೂಣಂದ್ರ ಆಣಿ ಹಾಕಿದ್ರು. 'ಡಾಕ್ಟರ್ರಿಗೆ ತಿಳದ್ರ ನನ್ನ ಶಿಬಿರಕ್ಕ ಕರಿಯೂದಿಲ್ಲ' ಅಂದ್ರು. ಬಚ್ಚಲಿಗೂ ನಾನ ಕೈ ಹಿಡದು ಕರಕೊಂಡು ಹೋಗತಿದ್ದೆ. ಅವತ್ತ ಹಾಲು ತರಾಕ ಹೋಗಿದ್ದೆ. ಒಬ್ಬರ ಎದ್ದು ಬಚ್ಚಲಿಗೆ ಹೋಗ್ಯಾರ."

ನಾಲ್ಕು ತಿಂಗಳು ಆ ಕೈ ಹಿಡಿದವಳು ಈ ಹುಡುಗಿ. ಕಣ್ಣೆದುರಿಗಿದ್ದರೂ ಕಾಣದೆ ಹೋದವನು ನಾನು. ಇನ್ನೂ ಬೈಯುವವರಿದ್ದರೆ ಹಾವೇರಿಗೆ ಬಂದು ನನ್ನನ್ನು ಬೈಯಿರಿ. ಆಪಾ ಶಿಬಿರದಲ್ಲಿ ಕುಳಿತಲ್ಲೇ ರೊಟ್ಟಿಯ ಸದ್ದು ಕೇಳಿದ್ದರೂ ನಮಗೆ ಸಾಕಾಗಿತ್ತು. ಅವರ ಕೈ ನಡುಗುತ್ತಿದೆ ಎಂದು ತಿಳಿದಿದ್ದರೂ ಅವರನ್ನು ಕರೆದೊಯ್ಯುತ್ತಿದ್ದೆ. ಇದನ್ನು ಒಂದು ದಿನವೂ ಅವರಿಗೆ ಬಾಯಿಬಿಟ್ಟು ಹೇಳಲಿಲ್ಲವಲ್ಲ ಎಂಬುದೇ ನನ್ನ ಸಂಕಟ.

ಈಗ ಅವರಿಗಾಗಿ ಎದ್ದು ನಿಲ್ಲೋಣ. ಶಬನಮ್, ಮುಂದೆ ಬಾರವ್ವಾ, ನನ್ನ ಪಕ್ಕ ನಿಲ್ಲು. ಹಿರಿಯರೇ, ಅವಸರ ಬೇಡ. ಏಳಲು ಕೈ ಬೇಕಾದವರು ಪಕ್ಕದವರನ್ನು ಕೇಳಿ — ನಾಚಿಕೆ ಬೇಡ. ಕೊನೆಯವರು ಎದ್ದು ನಿಂತ ಮೇಲೆಯೇ ಮೌನ ಶುರುವಾಗುತ್ತದೆ. ಅಲ್ಲಿಯವರೆಗೆ ನಾವೆಲ್ಲ ಕಾಯುತ್ತೇವೆ.