ನೂರಾ ಎಂಟು ಸುತ್ತು

...ಕಾಶಿ, ಬದರಿ, ರಾಮೇಶ್ವರ, ಆಮ್ಯಾಲೆ ಸಿಂಗಾಪುರ! ಒಂದ ವರ್ಷದಾಗ! ಹೆಂಡತೀನ್ನ ಇಷ್ಟು ತಿರುಗಿಸಿದ ಗಂಡಸು ಇಡೀ ಕಲಬುರಗಿ ಜಿಲ್ಲಾದಾಗ ಇನ್ನೊಬ್ಬ ಇದ್ರ ತೋರಸು, ವೇದು... ಯಾಕ ನಗ್ತಿ? ಆತಪಾ, ಸುಳ್ಳು. ಪೂರಾ ಸುಳ್ಳು. ಪುಣೆ, ಪಂಢರಪುರ, ಸೊಲ್ಲಾಪುರ. ಮತ್ತ ಸೊಲ್ಲಾಪುರ. ಮತ್ತೂ ಸೊಲ್ಲಾಪುರ. ಅಷ್ಟ.

ಕೂಡೋ, ಕೂಡು. ಮನಿ ಎಲ್ಲಿ ಓಡಿ ಹೋಗ್ತದ? ಕಮಲಾಪುರ ಬಸ್ ಸ್ಟ್ಯಾಂಡಿನಿಂದ ನಿಮ್ಮ ಮನಿಗೆ ಎರಡು ಓಣಿ. ನಿನ್ನ ತಂಗಿ ಮೃದುಲಾ ಬಂದ ಗಳಿಗ್ಯಾಗ ಕಾಲು ತೊಳಕೊಂಡು ನಿಮ್ಮ ತುಳಸೀಕಟ್ಟಿ ಮುಂದ ನಿಂತಾಳ. "ನೀವಿಬ್ಬರೂ ಚಾ ಕುಡದು ಬರ್ರಿ, ಇವತ್ತಿನ ಸುತ್ತು ಇಲ್ಲೇ ಮುಗಸ್ತೀನಿ" ಅಂದಳು. ನನಗ ಅದನ್ನ ನೋಡ್ಕೋತ ನಿಂದರಲಿಕ್ಕಾಗಲಿಲ್ಲ... ಮಜರ್ ಭಾಯಿ, ಔರ್ ದೋ ಚಾಯ್! ಭಜಿ ಭೀ ಏಕ್ ಪ್ಲೇಟ್!

ಏನೋ? ಹಾರ್ಟಿನ ಪೇಶಂಟು ಮಿರ್ಚಿ ಭಜಿ ತಿನಬಾರ್ದು? ಒಂದ ತಿಂತೀನಿ ಬಿಡು. ಒಂದ ಪ್ಲೇಟು.

ನೋಡು, ಚ್ಯಾಷ್ಟಿ ಬಿಟ್ಟು ಹೇಳ್ತೀನಿ. ಹೆದರೀನಿ, ವೇದು. ಸಂಜೀ ಗಾಡಿಗೆ ಸೊಲ್ಲಾಪುರಕ್ಕ ಹೋಗೋದು, ನಾಳೆ ಅಡ್ಮಿಟ್, ನಾಡದು ಎದಿ ಸೀಳಿ ವಾಲ್ವ್ ಬದಲಿ ಮಾಡ್ತಾರ. ಸೈಕಲ್ ಟ್ಯೂಬಿಗೆ ಇರ್ತದಲ್ಲ, ಅಂಥಾದ್ದ, ಎದ್ಯಾಗ. ಅದಕ್ಕಿಂತ ಮೊದಲ ನೀ ಮೃದುಲಾಗ ಒಂದು ಮಾತು ಹೇಳಬೇಕು. ನೀನ ಹೇಳಬೇಕು. ನೀ ಹುಟ್ಟಿದಾಗಿಂದ ಸುಳ್ಳು ಆಡಿಲ್ಲ. ನಾ ಹೇಳಿದ್ರ ಯಾರು ನಂಬ್ತಾರ? ಮದವಿ ದಿನಾ ಸಪ್ತಪದಿಯೊಳಗ ನಾಲ್ಕನೇ ಹೆಜ್ಜೀಗೆ ಸತ್ತಂಗ ಬಿದ್ದಿದ್ನಲ್ಲ, ನೆನಪದ? ಮೂಗಿಗೆ ಹಿಡೀಲಿಕ್ಕೆ ಉಳ್ಳಾಗಡ್ಡಿ ಬೇಕು ಅಂತ ನಿಮ್ಮಪ್ಪ ಒದರಾಕತ್ತಿದ್ರು, ಮಡೀ ಮದವಿ ಮನ್ಯಾಗ ಉಳ್ಳಾಗಡ್ಡಿ ಎಲ್ಲಿಂದ ಬರಬೇಕು! ಶಹಾಬಜಾರ ಪೂರಾ ಓಡ್ಯಾಡಿದ್ರಿ ನೀವು. ತಂದ ಕೂಡ್ಲೆ ನಾ ಎದ್ದು ಕೂತು, "ಭಜಿ ಮಾಡ್ರಿ" ಅಂದೆ... ನಗಬ್ಯಾಡ. ಅವತ್ತು ಮಾಡಿದ್ದು ಈಗ ಉಣ್ಣಾಕತ್ತೀನಿ.

ಯಾವ ಮಾತು ಅಂತಿ? ಹೇಳ್ತೀನಿ. ತಡಿ. ಮೊದಲಿಂದ ಹೇಳ್ತೀನಿ.

ಫೆಬ್ರವರಿಯೊಳಗ ಮಗಳು ಮಂಜುಷಾನ ಕೂಸಿನ ತೊಟ್ಟಿಲಕ್ಕ ಪುಣೆಗೆ ಹೋಗಿದ್ವಿ. ಲಿಫ್ಟ್ ಕೆಟ್ಟಿತ್ತು. ನಾಲ್ಕು ಮಾಳಿಗಿ. ಬೆಳ್ಳಿ ಗಿಲಕಿ, ನಿಮ್ಮ ತ್ವಾಟದ ಕೆಂಪು ಬಾಳಿಹಣ್ಣು, ಎಲ್ಲಾ ಹೊತಗೊಂಡು ಏರಾಕತ್ತಿದ್ವಿ. ಮೂರನೇ ಮಾಳಿಗಿಗೆ ದಮ್ಮು ಹತ್ತಿ ಬಿಡ್ತು. ಉಸರ ಇಲ್ಲ! ತುಟಿ ನೋಡ್ತೀನಿ, ನೀಲಿ! ನೀಲೀನೋ ವೇದು, ನೇರಳೆ ಹಣ್ಣು ತಿಂದಂಗ...

ಹಾಂ? ನನ್ನ ತುಟಿನ. ಮತ್ತ್ಯಾರದು? ನನ್ನ ತುಟಿ ನನಗ ಹೆಂಗ ಕಂಡ್ತು ಅಂದ್ರ... ಮೊಬೈಲಿನ್ಯಾಗ ನೋಡ್ಕೊಂಡೆ. ನೋಡ್ಕೋಬಾರ್ದೇನು?

ಬಂದ ಮ್ಯಾಲೆ ಸೊಲ್ಲಾಪುರಕ್ಕ ತೋರಿಸಿದ್ವಿ. ನೆವಾ ಪಂಢರಪುರದ್ದು. ಅಲ್ಲಿ ಜೋಡಿ ಸ್ಕೀಮ್ ಅದ: ಗಂಡಂದು ತಪಾಸಣಿ ಮಾಡಿಸಿದ್ರ ಹೆಂಡತೀದು ಫುಕಟ್. ಮೃದುಲಾಗ ಫುಕಟ್ ಅಂದ್ರ ಗೊತ್ತಲ್ಲ, ಒಂದರ ಮ್ಯಾಲೆ ಒಂದು ಫ್ರೀ ಅಂದ್ರ ವಿಷಾನೂ ತೊಗೋತಾಳ! ರಕ್ತ ಕೊಟ್ಟಳು, ಮಷೀನಿನ ಕೆಳಗ ಮಲಗಿದಳು. ವಿಠ್ಠಲನ ದರ್ಶನಾನೂ ಆತು. ಚಂದ್ರಭಾಗಾ ಘಾಟಿನ್ಯಾಗ ಅರ್ಧಾ ಮೆಟ್ಟಲ ಏರೋದ್ರಾಗ ಕೂತು ಬಿಟ್ಟಳು, ಎದಿ ಹಿಡಕೊಂಡು. ನಾ ಓಡಿದೆ ನೋಡು! ಸರಾ ಸರಾ ಮ್ಯಾಲೆ ಏರಿ, ನೀರಿನ ಬಾಟಲಿ ತೊಗೊಂಡು, ಮತ್ತ ಇಳದು...

ಯಾಕ ಕಪ್ಪು ಕೆಳಗ ಇಟ್ಟಿ? ಕುಡಿ, ಆರ್ತದ.

ಓಡಿದೆ ಅಂದ್ರ... ನಿಧಾನಕ್ಕ ಓಡಿದೆ. ಹಾರ್ಟಿನವರು ಓಡೋ ಹಂಗ. ಹಂಗ್ಯಾಕ ನೋಡ್ತಿ? ನಿಮ್ಮವ್ವನಂಗ ನೋಡಬ್ಯಾಡೋ! ಇಂದೂಬಾಯಿಯವರು ಹಿಂಗ ನೋಡಿದ್ರ ನನ್ನ ಕಿಸೆದಾಗಿನ ರಬ್ಬರ್ ಹಲ್ಲಿ ತಾನಾಗೇ ಹೊರಗ ಬರ್ತಿತ್ತು... ಪಾಪ. ಡಾಕ್ಟರು "ನಿಮಗ ಹಾರ್ಟಿಂದು ಅದರಿ ಬಾಯಿಯವರ" ಅಂದ ಸಂಜೀಗೇ ಹೋಗಿಬಿಟ್ರು. ರೋಗಕ್ಕಲ್ಲ, ಸುದ್ದಿಗೆ ಸತ್ತಳು ನಮ್ಮವ್ವ ಅಂತ ಮೃದುಲಾ ಇವತ್ತಿಗೂ ಅಂತಾಳ. "ನನಗ ಅಂಥಾದ್ದು ಏನರ ಬಂದ್ರ ಹೇಳಬ್ಯಾಡ್ರಿ, ನಾನೂ ಅವ್ವನಂಗ ಅಲ್ಲೇ ಹೋಗ್ತೀನಿ" ಅಂತಾಳ. ನೀನೂ ಕೇಳೀದಿಯಲ್ಲ? ಕೇಳೀದಿ ಹೌದಲ್ಲೋ?



ಆತು, ಕೇಳು. ನಾ ಹೇಳಿ ಮುಗಸ್ತೀನಿ. ನನಗ ಹಾರ್ಟಿಂದು ಅದ ಅಂತ ಅಕೀಗೆ ಹೇಳಿದೆ. ಅತ್ತಳು, ಮೂಗು ಒರಸಿಕೊಂಡಳು, ಆಮ್ಯಾಲೆ ಹುಲಿ ಆದಳು! ಉಪ್ಪು ಕಮ್ಮಿ, ಎಣ್ಣಿ ಬಂದ್. ನನ್ನ ಮಂಚ ಮಾಳಿಗಿಯಿಂದ ಕೆಳಗ ತಂದಳು, ತನ್ನ ಮಂಚಾನೂ ಅಲ್ಲೇ ಹಾಕಿದಳು. ಗುಳಿಗಿ ಇಬ್ಬರೂ ಜೋಡಿಲೆ ನುಂಗತೀವಿ... ಅಂದ್ರ, ಅಕಿದು ಶಕ್ತಿಗೆ. ಇಷ್ಟಕ್ಕ ನಿಂತಿದ್ರ ಚಲೋ ಇತ್ತು. ಆದರ ಹರಕಿ ಹೊತ್ತಳು ನೋಡು! ಗಂಡನ ಎದಿ ನೆಟ್ಟಗಾಗಲಿ ಅಂತ ರಾಯರ ಮಠದಾಗ ದಿನಾ ನೂರಾ ಎಂಟು ಪ್ರದಕ್ಷಿಣಿ. ಒದ್ದಿ ಸೀರ್ಯಾಗ. ಉಪಾಸ. ನಲವತ್ತೆಂಟು ದಿನಾ. ಇವತ್ತಿಗೆ ನಲವತ್ತೊಂದು.

ನಾ ಹೋಗಿ ಕಂಬದ ಹಿಂದ ನಿಂತು ಎಣಸ್ತೀನಿ, ವೇದು. ಮೂವತ್ತಕ್ಕ ಗ್ವಾಡಿ ಹಿಡೀತಾಳ. ಅರವತ್ತಕ್ಕ ಒಂದ ಹೆಜ್ಜಿಗೆ ಒಂದು ಉಸರ. ಎಂಬತ್ತಕ್ಕ ತುಟಿ... ಬ್ಯಾಡೇ ಮಾರಾಯ್ತಿ, ಸಾಕು ಬಿಡ ಅಂದ್ರ, "ನಿಮ್ಮ ಸಲುವಾಗಿ ಇಷ್ಟೂ ಮಾಡಬಾರ್ದೇನು" ಅಂತಾಳ! ಹೋದ ವಾರ ಡಾಕ್ಟರು ನನಗ ಬೈದ್ರು. ಆರು ತಿಂಗಳಿಗೆ ಕೆಡಬೇಕಾದ್ದು ಒಂದು ತಿಂಗಳದಾಗ ಕೆಟ್ಟದ, ಮನ್ಯಾಗ ಏನು ಕೆಲಸಾ ಹಚ್ಚೀರಿ ಅಂದ್ರು. ಏನಂತ ಹೇಳಲಿ?

ದವಾಖಾನಿ ಫೈಲ್ ಯಾಕ ಬೇಕು ನಿನಗ? ಬಿಡು. ಇಂಗ್ಲಿಷಿನ್ಯಾಗ ಅದ, ನಿನಗ ತಿಳಿಯಂಗಿಲ್ಲ... ಮಾಸ್ತರಕಿ ಮಾಡೀದಿ, ಖರೇ. ಬಿಡೋ ಕೈ... ಭಜಿ ಎಣ್ಣಿ ಹತ್ತತದ...

...

ಓದಿದಿ?

ಏನರ ಅನ್ನು. ಬೈಯಿ. ಕಪಾಳಕ್ಕ ಹೊಡಿ. ಹಿಂಗ ನೋಡಬ್ಯಾಡ...

ಹೂಂ. ಅಕಿ ಹೆಸರ. ನನ್ನ ಹೆಸರ ಒಂದ ಕಡೆ ಅದ ನೋಡು, 'ಗಂಡ' ಅಂತ ಇರ್ತದಲ್ಲ, ಅಲ್ಲಿ. ಜೋಡಿ ಸ್ಕೀಮ್ ಇಲ್ಲ. ನನಗ ಏನೂ ಇಲ್ಲ. ಕುದರಿ ಇದ್ದಂಗ ಇದೀನಿ. ಅಕೀ ರೋಗ ನಂದು ಅಂತ ಹೇಳಿದ್ರ ಅಕಿ ಹೆದರಂಗಿಲ್ಲ ಅನಕೊಂಡೆ... ನನ್ನ ಸಲುವಾಗಿ ಸುತ್ತತಾಳ ಅಂತ ಯಾರಿಗೆ ಗೊತ್ತಿತ್ತು! ನಿನ್ನೆ ಆಟೋದಾಗ ಖರೇ ಹೇಳಿದೆ. ಜಗತ್ ಸರ್ಕಲ್ಲಿನ ಗದ್ದಲದಾಗ, ಅಕೀ ಕೈ ಹಿಡದು. "ರೋಗ ನಿಂದದ ಮೃದುಲಾ, ನಂದಲ್ಲ." ನಕ್ಕಳು. "ಉಳ್ಳಾಗಡ್ಡಿ ತರಿಸಲೇನು?" ಅಂದಳು.

ಆಪರೇಶನ್ ಕಾಗದಕ್ಕ ಅಕೀನ ಸಹಿ ಮಾಡಬೇಕಂತ. ನೀ ಹೇಳಿದ್ರ ನಂಬ್ತಾಳ. ಆದರ ನಂಬಿದ ಮ್ಯಾಲೆ ನಿಮ್ಮವ್ವನಂಗ... ಅದಕ್ಕ ಮತ್ತ ಹೇಳಲಿಕ್ಕೆ ಬಾಯಿ ಬರವಲ್ದು ನನಗ. ನೀ ಹೆಂಗ ಹೇಳ್ತಿ? ಮೆತ್ತಗ ಹೇಳ್ತಿ ಹೌದಲ್ಲೋ?

ಎದ್ದಿ? ಎಲ್ಲಿಗೆ...

ಅಯ್ಯ! ಚಾ ಕುಡಿಯೋದ್ರಾಗ ಎಷ್ಟು ಸುತ್ತು ಆಗಿರ್ತಾವ? ಅರವತ್ತು? ಎಂಬತ್ತು? ಓಡು, ವೇದು, ಚಪ್ಪಲಿ ಬಿಡು, ಓಡು! ನಾನೂ ಬಂದೆ... ತಡಿ, ತಡಿ ಒಂದು ನಿಮಿಷ. ಮಜರ್ ಭಾಯಿಗೆ ಚಾದ ರೊಕ್ಕ ನೀನ ಕೊಡೋ. ಚ್ಯಾಷ್ಟಿ ಅಲ್ಲ, ನಿನ್ನಾಣಿ. ಕಿಸೆದಾಗ ರೊಕ್ಕ ಅದ, ಎಣಸಲಿಕ್ಕೆ ಹೋದ್ರ ಅಕೀ ಸುತ್ತು ಎಣಸಾಕತ್ತೀನಿ.