ಅಂಗಿಯ ತೋಳು

ಎಕ್ಸ್‌ರೇ ಕೋಣೆಯ ಹೊರಗಿನ ಬೆಂಚಿನಲ್ಲಿ ನನ್ನ ಪಕ್ಕ ಒಬ್ಬ ದರ್ಜಿ, ಅವನ ತಾಯಿ, ಮುರಿದ ಕೈ ಹಿಡಿದುಕೊಂಡ ಹತ್ತು ವರ್ಷದ ಮಗಳು ಕೂತಿದ್ದರು.

“ಇವಳು ಗಿರಾಕಿ ಅಂಗಿಗೆ ಎರಡೂ ತೋಳನ್ನ ಎಡಗೈಗೇ ಕತ್ತರಿಸಿಟ್ಟಿದಾಳಮ್ಮ!”

“ಅದಕ್ಕೆ ಇಸ್ತ್ರಿಪೆಟ್ಟಿಗೇಲಿ ಬಡೀತಾರೇನೋ?”

“ಗಿಡವಾಗಿ ಬಗ್ಗದ್ದು ಮರವಾಗಿ ಬಗ್ಗೀತಾ? ಅಪ್ಪ ನನ್ನ ಹಂಗೇ ಬಗ್ಗಿಸಿದ್ದು.”

“ಬಗ್ಗಿದ್ದು ನಿನ್ನ ಮೊಣಕೈ.”

“ಅದು ಗೋಡೆಯಿಂದ ಬಿದ್ದು ಆಗಿದ್ದು.”

“ಬಿದ್ದಿಲ್ಲ ಕಣೋ. ನಿನಗಾಗ ನಾಲ್ಕು ವರ್ಷ. ಗಜಕಡ್ಡಿ ಮುರಿಯೋವರೆಗೂ ನಿಮ್ಮಪ್ಪ ಚಚ್ಚಿದ್ದ. ಗೋಡೆ ಕಥೇನ ನಾನೇ ನಿನಗೆ ಬಾಯಿಪಾಠ ಮಾಡಿಸಿದ್ದು, ಹಿಂಗೇ ಆಸ್ಪತ್ರೆ ಬೆಂಚಲ್ಲಿ ಕೂತು.”

ದರ್ಜಿ ತನ್ನ ಸೊಟ್ಟ ಮೊಣಕೈ ನೋಡಿಕೊಂಡ. ನರ್ಸ್ ಕರೆದಳು. ಮೂವರೂ ಎದ್ದರು.

ಬಾಗಿಲು ದಾಟುವಾಗ ಮಗಳು ಮೆಲ್ಲಗೆ ಕೇಳಿದಳು: “ಅಪ್ಪಾ, ಎಷ್ಟನೇ ಮೆಟ್ಟಿಲಿಂದ ಬಿದ್ದೆ ಅನ್ಲಿ?”